ಪಾಳೇಗಾರ ಅನ್ನೋ ಬೈಗುಳ

ಮ್ಯಾನೇಜರ್ ಕೂಗಾಡಿದರೆ ‘ಏನಪ್ಪಾ ಇವನ ಪಾಳೇಗಾರಿಕೆ’ ಅಂತೀವಿ. ಅಮೆರಿಕದ ಶಾನೀ ಬುಡಕಟ್ಟಿನ ಟೆಕುಮ್ಸೆ ಮಾತ್ರ ನಮಗೆ ಹೀರೋ. ನಾಲ್ಕು ಜನ ಮುಖಂಡರು ಸಹಿ ಹಾಕಿದ ಮಾತ್ರಕ್ಕೆ ಎಲ್ಲರ ನೆಲ ಮಾರಾಟವಾಗದು ಎಂದು ಬಿಳಿಯರೆದುರು ನಿಂತು 1813ರಲ್ಲಿ ಯುದ್ಧದಲ್ಲೇ ಸತ್ತವನು. ಸರಿ, ಹೀರೋನೇ.

ನಮ್ಮ ಸೀಮೆಯ ಕಥೆಯೇನು? 1800ರಲ್ಲಿ ಹೈದರಾಬಾದಿನ ನಿಜಾಮ, ತಾನು ಇಟ್ಟುಕೊಂಡಿದ್ದ ಕಂಪನಿ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಲ್ಲವನ್ನೂ ಬರೆದುಕೊಟ್ಟ. ಅವನಿಗಾದರೂ ಅದು ಟಿಪ್ಪುವಿನ ಸೋಲಿನಿಂದ ಬಂದ ಪಾಲು. ಇಲ್ಲಿಯವರನ್ನು ಕೇಳಿದವರ್ಯಾರು?

ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಆಗ ಸುಮಾರು 80 ಪಾಳೇಗಾರರು. ಆಯುಧ ಬಿಡಿ, ಹೇಳಿದಷ್ಟು ಕಟ್ಟಿ ಅಂದಾಗ ಹಲವರು ಬಗ್ಗಲಿಲ್ಲ. ಕಲೆಕ್ಟರ್ ಥಾಮಸ್ ಮನ್ರೋ ಸೈನ್ಯ ನುಗ್ಗಿಸಿ ಕೆಲವರನ್ನು ಓಡಿಸಿದ, ಕೆಲವರಿಗೆ ಪಿಂಚಣಿ ಕೊಟ್ಟು ಕೂರಿಸಿದ. ಇವರ ಬಗ್ಗೆ ನಾವು ಓದೋದು ಹೆಚ್ಚಾಗಿ ಆ ಕಂಪನಿಯವರ ಕಾಗದಗಳನ್ನೇ. ಅದರಲ್ಲಿ ಇವರು ದರೋಡೆಕೋರರಲ್ಲದೆ ಇನ್ನೇನಾಗ್ತಾರೆ ಸ್ವಾಮಿ?

‘ಅವರೂ ರೈತರನ್ನು ಹಿಂಡಲಿಲ್ವಾ?’ ಹಿಂಡಿದ್ರು, ಇಲ್ಲ ಅನ್ನಲ್ಲ. ಕಂಪನಿ? 1807ರಲ್ಲಿ ಸ್ವತಃ ಮನ್ರೋನೇ ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಿ ಎಂದು ಬರೆದ. ಮೇಲಿನವರು ಒಪ್ಪಲಿಲ್ಲ. ಅವನು ಹೋದ ಮೇಲೆ ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟರು.