ಅಡಗಿದವರು ಮತ್ತು ಅಡಗಿಸಿದವರು

ಕಳೆದ ತಿಂಗಳು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಯಾವುದೋ ವಿದೇಶಿ ಚಲನಚಿತ್ರ ನೋಡಿದ್ದನಂತೆ. ಅದರಲ್ಲಿ ಕ್ರಾಂತಿಕಾರಿಗಳು ಮನೆಯೊಂದರ ಕೆಳಗಿನ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ, ಪೀಪಾಯಿಗಳ ಹಿಂದೆ ಅಡಗಿರುತ್ತಾರಂತೆ. ಅಂಗಡಿಗಳ ಸಾಲನ್ನು ತೋರಿಸಿ, "ಸಾರ್, 1942ರಲ್ಲಿ ನಮ್ಮವರೂ ಇಂಥ ಕಡೆ ಅಡಗಿದ್ದರೇ?" ಎಂದು ಕೇಳಿದ. 1947ರವರೆಗೆ ಈ ಬೀದಿ ಬ್ರಿಟಿಷ್ ರೆಸಿಡೆಂಟರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ ಸೇರಿತ್ತು. ಪಶ್ಚಿಮದ ಪೇಟೆ ಮೈಸೂರು ಮಹಾರಾಜರದು. ಆದ್ದರಿಂದ ಅವನ ಕುತೂಹಲ ಸಹಜವೇ.

ಆದರೆ ಭೂಗತರಾದವರನ್ನು ಕಾಪಾಡುವುದು ನೆಲಮಾಳಿಗೆಯಲ್ಲ, ಬಲ್ಲವರ ಮೌನ. ಎಚ್.ಎಸ್. ದೊರೆಸ್ವಾಮಿಯವರ ಕಥೆಯನ್ನೇ ನೋಡಿ. ನನ್ನಂತೆ ಶಾಲಾ ಮೇಷ್ಟ್ರಾಗಿದ್ದ ಅವರು 1942ರಲ್ಲಿ ಅಂಚೆಪೆಟ್ಟಿಗೆಗಳಲ್ಲಿ, ಸರ್ಕಾರಿ ದಾಖಲೆಗಳ ಕೋಣೆಗಳಲ್ಲಿ ಸಣ್ಣ ಟೈಮ್ ಬಾಂಬುಗಳನ್ನಿಡುವ ಕೆಲಸದಲ್ಲಿ ತೊಡಗಿದರು. ಉದ್ದೇಶ ಕಾಗದ ಸುಡುವುದು, ಕೊಲ್ಲುವುದಲ್ಲ. ಸಂಗಡಿಗನೊಬ್ಬ ಸಿಕ್ಕಿಬಿದ್ದಾಗ ಅವರ ಹೆಸರೂ ಹೊರಬಂದು, 14 ತಿಂಗಳು ಸೆರೆವಾಸ ಅನುಭವಿಸಿದರು.

ತುರ್ತುಪರಿಸ್ಥಿತಿಯಲ್ಲಿ ಇದರ ಇನ್ನೊಂದು ಮುಖ ಕಂಡಿತು. ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದಾಗ, 1976ರ ಮೇ 1ರಂದು ಪೊಲೀಸರು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸರನ್ನು ಹಿಡಿದೊಯ್ದು, ಅಣ್ಣನ ಸುಳಿವಿಗಾಗಿ ಚಿತ್ರಹಿಂಸೆಗೆ ಗುರಿಮಾಡಿದರು. ಮರುದಿನ, 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವೆಲ್ಲ ಬಲ್ಲ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಅವರು ಜಾರ್ಜರ ಸ್ನೇಹಿತೆ. ಜೊತೆಗೆ ಆಸ್ತಮಾ ರೋಗಿ. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ 1977ರ ಜನವರಿ 15ರವರೆಗೆ ಬಿಡಲಿಲ್ಲ. ಜನವರಿ 20ರಂದು ಅವರು ತೀರಿಕೊಂಡರು. ಜಾರ್ಜರಾದರೋ 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಸೆರೆಸಿಕ್ಕರು. ಮುಂದಿನ ವರ್ಷ ಕೇಂದ್ರ ಸಚಿವರಾದರು.

ಅಡಗುತಾಣವೆಂಬುದು ಅಡಗಿದವನಿಗೆ ಸುರಕ್ಷಿತವಾಗಿರಬಹುದು. ಅವನ ನಂಟರಿಗೆ, ಆಪ್ತರಿಗೆ, ಆಶ್ರಯ ಕೊಟ್ಟವರಿಗೆ ಎಂದೂ ಅಲ್ಲ. ತರಗತಿಯಲ್ಲಿ ನಾನು ವರ್ಷಗಟ್ಟಲೆ ನಾಯಕರ ಹೆಸರುಗಳನ್ನೇ ಬಾಯಿಪಾಠ ಮಾಡಿಸಿದೆ. ನಡುರಾತ್ರಿ ಬಾಗಿಲು ತೆರೆದು, ಗಂಜಿ ಬಡಿಸಿ, ಬಾಯಿ ಬಿಗಿಹಿಡಿದವರ ಬಗ್ಗೆ ಒಂದು ಪ್ರಶ್ನೆಯನ್ನೂ ಪರೀಕ್ಷೆಗೆ ಕೊಡಲಿಲ್ಲ. ಇದು ನನ್ನ ಪಾಠದ ಕೊರತೆ.

ಹಾಗೆಂದು ಬಾಗಿಲು ತೆರೆದವರೆಲ್ಲರನ್ನೂ ಹೊಗಳಲಾರೆ. 1991ರ ಮೇ 21ರಂದು ರಾಜೀವ್ ಗಾಂಧಿಯವರ ಹತ್ಯೆ ನಡೆಯಿತು. ಅದರ ಸೂತ್ರಧಾರಿ ಶಿವರಾಸನ್ ಮತ್ತು ಸಂಗಡಿಗರು ಅಡಗಿದ್ದದ್ದೂ ನಮ್ಮ ಊರಿನ ಕೋಣನಕುಂಟೆಯ ಒಂದು ಸಾಧಾರಣ ಮನೆಯಲ್ಲಿ. ಆಗಸ್ಟ್ 20ರಂದು ಅಲ್ಲಿ 7 ಹೆಣಗಳು ಸಿಕ್ಕವು. ಅವರಿಗೆ ನೆಲೆ ಒದಗಿಸಿದ ಬೆಂಗಳೂರಿನವರೊಬ್ಬರಿಗೂ ಸೇರಿ 26 ಮಂದಿಗೆ 1998ರಲ್ಲಿ ವಿಶೇಷ ನ್ಯಾಯಾಲಯ ಮರಣದಂಡನೆ ವಿಧಿಸಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡುಗಡೆ ಮಾಡಿದ 19 ಮಂದಿಯಲ್ಲಿ ಅವರೂ ಒಬ್ಬರು. ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು.

ಹಾಗಾದರೆ ಯಾರಿಗೆ ಬಾಗಿಲು ತೆರೆಯಬೇಕು? ಕಾನೂನು ಇದಕ್ಕೆ ಪೂರ್ಣ ಉತ್ತರ ಕೊಡಲಾರದು. 1942ರಲ್ಲೂ 1976ರಲ್ಲೂ ಕಾನೂನು ಹಿಡಿಯಬಂದವರ ಕಡೆಗೇ ಇತ್ತು. ನನ್ನ ಮಟ್ಟಿಗೆ ಎರಡು ಪ್ರಶ್ನೆಗಳು ಸಾಕು. ಬಂದವನು ಅಮಾಯಕರ ಪ್ರಾಣ ತೆಗೆಯಲು ಹೊರಟವನೇ? ತಾನು ಮಾಡುತ್ತಿರುವುದನ್ನು ಮನೆಯವರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದಿದ್ದಾನೆಯೇ? ಎಷ್ಟೇ ದೊಡ್ಡ ಧ್ಯೇಯವಿರಲಿ, ಮನೆಯವರನ್ನು ಕತ್ತಲಲ್ಲಿಟ್ಟು ಅವರ ಪ್ರಾಣವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ.

ದ್ರಾಕ್ಷಾರಸದ ಮಾಳಿಗೆ ನಮ್ಮ ಹಳ್ಳಿಗಳಿಗೆ ತಿಳಿಯದು. ನಮಗೆ ಗೊತ್ತಿದ್ದದ್ದು ರಾಗಿ ತುಂಬಿಡುವ ಹಗೇವು. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಅದಕ್ಕೇ ಬಾಯಿ ತೆರೆದು, ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಮನೆಯ ಬಾಗಿಲಿಗೂ ಆ ಎಚ್ಚರಿಕೆ ಬೇಕು. ದೀಪ ಆರದೆ ಉರಿದರೆ, ಬಂದವನನ್ನು ಒಳಗೆ ಕರೆಯುವ ಧೈರ್ಯವೂ ಬೇಕು.