ಕತೆ ಹಳೆಯದು, ಕೋಪ ಇಂದಿನದು: ‘ಛಾವಾ’, ‘ಕೀಚಕವಧ’, ‘ತುಘಲಕ್’ ಹೇಳುವುದೇನು?

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಖುಲ್ದಾಬಾದ್‌ನಲ್ಲಿರುವ ಔರಂಗಜೇಬನ ಸಮಾಧಿಗೆ ಗುಮ್ಮಟವಿಲ್ಲ, ಛಾವಣಿಯೂ ಇಲ್ಲ. ಬಯಲಲ್ಲಿರುವ ಈ ಸರಳ ಗೋರಿಯ ಬಳಿ 2025ರ ಮಾರ್ಚ್‌ನಲ್ಲಿ ತಗಡಿನ ಶೀಟ್‌ಗಳನ್ನು ನಿಲ್ಲಿಸಿ, ಪೊಲೀಸ್ ಕಾವಲು ಬಿಗಿಗೊಳಿಸಬೇಕಾಯಿತು. 1707ರಲ್ಲಿ ಸತ್ತ ದೊರೆ 318 ವರ್ಷಗಳ ನಂತರ ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗಿದ್ದು ಹೇಗೆ? ಉತ್ತರದ ಒಂದು ಭಾಗ ಚಿತ್ರಮಂದಿರದಲ್ಲಿದೆ.

ತೆರೆಯಿಂದ ಬೀದಿಗೆ

ಶಿವಾಜಿ ಸಾವಂತ್ ಅವರ ಮರಾಠಿ ಕಾದಂಬರಿ ಆಧರಿಸಿದ ‘ಛಾವಾ’ ಫೆಬ್ರವರಿ 14ರಂದು ತೆರೆಕಂಡಿತು. ವಿಕ್ಕಿ ಕೌಶಲ್ ಸಂಭಾಜಿಯಾಗಿ, ಕೊಡಗಿನ ರಶ್ಮಿಕಾ ಮಂದಣ್ಣ ಯೇಸುಬಾಯಿಯಾಗಿ ನಟಿಸಿದ್ದರು. 1689ರಲ್ಲಿ ಔರಂಗಜೇಬನ ಸೆರೆಯಲ್ಲಿ ಸಂಭಾಜಿ ಅನುಭವಿಸಿದ ಚಿತ್ರಹಿಂಸೆ ಮತ್ತು ಸಾವು ಚಿತ್ರದ ಕೊನೆಯ ಭಾಗ. ಸಮಾಧಿ ತೆರವುಗೊಳಿಸಬೇಕೆಂಬ ಪ್ರತಿಭಟನೆ ಮತ್ತು ಅದರ ಬೆನ್ನಿಗೆ ಹಬ್ಬಿದ ವದಂತಿಗಳ ನಡುವೆ ಮಾರ್ಚ್ 17ರಂದು ನಾಗ್ಪುರದಲ್ಲಿ ಹಿಂಸಾಚಾರ ನಡೆಯಿತು. ಔರಂಗಜೇಬನ ಮೇಲಿನ ಜನರ ಸಿಟ್ಟನ್ನು ‘ಛಾವಾ’ ಕೆರಳಿಸಿದೆ ಎಂದು ಮರುದಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಸದನದಲ್ಲೇ ಹೇಳಿದರು.

ಇತ್ತ ಮಧ್ಯಪ್ರದೇಶದ ಬುರ್ಹಾನ್‌ಪುರ ಬಳಿಯ ಅಸೀರ್‌ಗಢದಲ್ಲಿ, ಮೊಘಲರ ಕಾಲದ ಚಿನ್ನ ಸಿಗಬಹುದೆಂದು ಜನ ರಾತ್ರಿ ಟಾರ್ಚ್ ಹಿಡಿದು ಹೊಲ ಅಗೆದರು. ಬುರ್ಹಾನ್‌ಪುರದ ಮೇಲೆ ಮರಾಠರು ನಡೆಸಿದ ದಾಳಿಯೂ ಚಿತ್ರದಲ್ಲಿದೆ.

ಹಾಗೆಂದು ಎಲ್ಲವನ್ನೂ ಸಿನಿಮಾದ ತಲೆಗೆ ಕಟ್ಟುವಂತಿಲ್ಲ. ಔರಂಗಾಬಾದ್ ‘ಸಂಭಾಜಿನಗರ’ ಆಗಬೇಕೆಂದು ಬಾಳ್ ಠಾಕ್ರೆ ಹೇಳಿದ್ದು 1988ರಲ್ಲಿ. ಹೆಸರು ಅಧಿಕೃತವಾಗಿ ಬದಲಾಗಿದ್ದು 2023ರಲ್ಲಿ. ಕಿಡಿ ಹೊಸದು, ಸೌದೆ ಹಳೆಯದು.

ನಾಸಿಕ್‌ನ ನೆನಪು

ಹಳೆಯ ಕತೆಯಲ್ಲಿ ಇಂದಿನ ಮುಖ ಕಾಣುವುದು ಮಹಾರಾಷ್ಟ್ರಕ್ಕೆ ಹೊಸತಲ್ಲ. 1907ರಲ್ಲಿ ರಂಗಕ್ಕೆ ಬಂದ ಕೃ.ಪ್ರ. ಖಾಡಿಲ್ಕರ್ ಅವರ ‘ಕೀಚಕವಧ’ ಹೆಸರಿಗೆ ಮಹಾಭಾರತದ ಪ್ರಸಂಗ. ಆದರೆ ಪ್ರೇಕ್ಷಕರು ಕೀಚಕನಲ್ಲಿ ಲಾರ್ಡ್ ಕರ್ಜನ್‌ನನ್ನು, ದ್ರೌಪದಿಯಲ್ಲಿ ಭಾರತವನ್ನು ಕಂಡರು. 1909ರ ಡಿಸೆಂಬರ್ 21ರಂದು ನಾಸಿಕ್‌ನ ರಂಗಮಂದಿರದಲ್ಲಿ, ಬೇರೊಂದು ನಾಟಕ ನೋಡಲು ಬಂದಿದ್ದ ಕಲೆಕ್ಟರ್ ಜಾಕ್ಸನ್‌ನನ್ನು ಅನಂತ ಕಾನ್ಹೇರೆ ಗುಂಡಿಕ್ಕಿ ಕೊಂದರು. ಮರುವರ್ಷ ಬ್ರಿಟಿಷ್ ಸರ್ಕಾರ ‘ಕೀಚಕವಧ’ವನ್ನು ನಿಷೇಧಿಸಿತು. ಪುರಾಣದ ಕತೆಗೆ ಆಳುವವರೂ ಹೆದರಿದ್ದರು.

ಇದೇ ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ ಹುಟ್ಟಿದ ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತಂದರು. ಕ್ರಿಸ್ತನ ಕುರಿತ ಚಿತ್ರ ನೋಡಿದ ಮೇಲೆ, ನಮ್ಮ ದೇವರುಗಳೂ ತೆರೆಯ ಮೇಲೆ ಬರಬೇಕೆಂಬ ಸ್ವದೇಶಿ ಹಂಬಲ ಅವರಲ್ಲಿ ಮೂಡಿತ್ತು.

ಕನ್ನಡದ ದೌಲತಾಬಾದ್

ಸಂಭಾಜಿನಗರದಿಂದ ಖುಲ್ದಾಬಾದ್‌ಗೆ ಹೋಗುವ ದಾರಿಯಲ್ಲೇ ದೌಲತಾಬಾದ್ ಕೋಟೆ ಸಿಗುತ್ತದೆ. ಇದು ಕನ್ನಡಿಗರಿಗೆ ಗಿರೀಶ ಕಾರ್ನಾಡರ ‘ತುಘಲಕ್’ ಮೂಲಕ ಪರಿಚಿತ. ದೆಹಲಿಯಿಂದ ಇಲ್ಲಿಗೆ ರಾಜಧಾನಿ ಸಾಗಿಸಿದ ಸುಲ್ತಾನನ ಕತೆ ಪ್ರಕಟವಾದದ್ದು 1964ರಲ್ಲಿ. ದೊಡ್ಡ ಕನಸುಗಳು ಕುಸಿಯುವುದನ್ನು ಕಂಡ ಓದುಗರು ಅದರಲ್ಲಿ ನೆಹರೂ ಯುಗದ ಭ್ರಮನಿರಸನವನ್ನು ಗುರುತಿಸಿದರು. ಅಲ್ಲಿ ಸುಲ್ತಾನನನ್ನು ಪೂರ್ತಿ ದ್ವೇಷಿಸಲೂ ಆಗದು, ಪೂರ್ತಿ ನಂಬಲೂ ಆಗದು. ನೋಡುಗ ಮನೆಗೆ ಒಯ್ಯುವುದು ಸಿಟ್ಟನ್ನಲ್ಲ, ಅನುಮಾನವನ್ನು.

ಯಾರತ್ತ ಬೆರಳು?

ಮೂರೂ ಹಳೆಯ ಕಾಲದ ಕತೆಗಳೇ. ಆದರೆ ‘ಕೀಚಕವಧ’ ಬೆರಳು ತೋರಿದ್ದು ಅಂದು ಅಧಿಕಾರದಲ್ಲಿದ್ದವರತ್ತ. ‘ತುಘಲಕ್’ ತೋರಿದ್ದು ಆಳುವವರ ಆದರ್ಶಗಳತ್ತ, ಅವನ್ನು ನಂಬಿದವರತ್ತ. ‘ಛಾವಾ’ ತೋರಿದ್ದು ಉತ್ತರ ಕೊಡಲಾರದ ಸತ್ತ ದೊರೆಯತ್ತ. ಸಂಭಾಜಿಯ ಸಾವಿಗೆ ಮರುಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಗೋರಿಯಲ್ಲಿರುವವನ ಮೇಲಿನ ಸಿಟ್ಟು ಅವನನ್ನು ಮುಟ್ಟದು. ಅದು ತಗಲುವುದು ಪಕ್ಕದ ಓಣಿಯಲ್ಲಿ ಅಂಗಡಿ ಇಟ್ಟವರಿಗೆ. ನಾಗ್ಪುರ ತೋರಿಸಿದ್ದು ಇದನ್ನೇ.

ಐತಿಹಾಸಿಕ ಚಿತ್ರಗಳ ಸಾಲು ಇಲ್ಲಿಗೇ ನಿಲ್ಲುವುದಿಲ್ಲ. ಮುಂದಿನದನ್ನು ನೋಡುವಾಗ, ಅಂದು ಏನಾಯಿತು ಎಂಬುದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಈ ಕತೆಯನ್ನು ಇಂದೇ ಏಕೆ ಹೇಳಲಾಗುತ್ತಿದೆ, ಅದರ ಬೆಲೆ ತೆರುವವರು ಯಾರು?