ತೋಡಿನ ಮೀನನ್ನು ಕೇಳೋಣ



ಮೀನು ಸತ್ತು ತೇಲಿದಾಗ ಮಾತ್ರ ತೋಡಿನ ನೀರು ಕೆಟ್ಟಿತೆಂದು ನಾವು ನಂಬುತ್ತೇವೆ. ಆದರೆ ಚೆನ್ನಾಗಿ ಈಜಾಡುವ ಮುಗುಡು, ಮಡೆಂಜಿಗಳೂ ಒಳಗೊಳಗೆ ಘಾಸಿಗೊಂಡಿರಬಹುದು. ಅವುಗಳ ಒಂದು ಹನಿ ರಕ್ತದಲ್ಲಿ ಅದನ್ನು ಕಾಣಬಹುದು.

ಮನುಷ್ಯನ ಬಲಿತ ಕೆಂಪು ರಕ್ತಕಣಕ್ಕೆ ಕೋಶಕೇಂದ್ರವಿಲ್ಲ, ಮೀನಿನದಕ್ಕಿದೆ. ವಂಶಗುಣಗಳನ್ನು ಹೊತ್ತ ಕ್ರೋಮೊಸೋಮು ವಿಷದಿಂದ ತುಂಡಾದರೆ, ಕೋಶ ಎರಡಾಗುವಾಗ ಆ ತುಂಡು ಹಿಂದುಳಿದು, ಕೇಂದ್ರದ ಪಕ್ಕದಲ್ಲಿ ಸಣ್ಣ ಚುಕ್ಕೆಯಾಗಿ ನಿಲ್ಲುತ್ತದೆ. ಇದಕ್ಕೆ ಮೈಕ್ರೊನ್ಯೂಕ್ಲಿಯಸ್ ಎಂದು ಹೆಸರು. ಮಲೇರಿಯ ನೋಡಲು ಬಳಸುವ ಗೀಮ್ಸಾ ಬಣ್ಣ, ಒಳ್ಳೆಯ ಸೂಕ್ಷ್ಮದರ್ಶಕ, ಸಾವಿರಗಟ್ಟಲೆ ಕಣ ಎಣಿಸುವ ತಾಳ್ಮೆ ಇದ್ದರೆ ಸಾಕು. ಒಂದೇ ಜಾತಿಯ ಮೀನುಗಳನ್ನು ತೋಟದ ಮೇಲ್ಗಡೆಯೂ ಕೆಳಗಡೆಯೂ ಬಲೆಗೂಡಿನಲ್ಲಿ ಕೆಲವು ದಿನ ಇಟ್ಟು ಹೋಲಿಸಬೇಕು. ಯಾವ ವಿಷವೆಂದು ಚುಕ್ಕೆ ಹೇಳದು. ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು. ನಮಗೆ ಇಂಥದೇ ರೋಗ ಬರುತ್ತದೆಂದೂ ಹೇಳದು. ಎಚ್ಚರಿಕೆಯನ್ನಂತೂ ಕೊಡುತ್ತದೆ.

ಕಾಸರಗೋಡಿನವರಾದ ನಮಗೆ ಈ ಎಚ್ಚರಿಕೆಯ ಬೆಲೆ ಗೊತ್ತಿರಬೇಕಿತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಬಾವಿ ಮುಚ್ಚಿಕೊಳ್ಳಿ ಎಂದರು. ತೋಡನ್ನು ಮುಚ್ಚುವವರು ಯಾರು? ಅದು ಮೀನಿಗೆ ಕಡುವಿಷವೆಂದು ತಿಳಿದವರಿಗೆ ಆಗಲೇ ಗೊತ್ತಿತ್ತು. ಪಡ್ರೆಯ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದಾಗ ‘ಪುರಾವೆ ಎಲ್ಲಿ?’ ಎಂಬ ಪ್ರಶ್ನೆ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ವರ್ಷವರ್ಷವೂ ತೋಡಿನ ಮೀನಿನ ರಕ್ತ ನೋಡಿ ಬರೆದಿಟ್ಟಿದ್ದರೆ, ಆ ಪ್ರಶ್ನೆಗೆ ಒಂದು ಉತ್ತರವಾದರೂ ನಮ್ಮ ಕೈಯಲ್ಲಿರುತ್ತಿತ್ತು.

ಈಗ ಎಂಡೋಸಲ್ಫಾನ್ ಹೋಯಿತೆಂದು ಕೈ ತೊಳೆದುಕೊಂಡಿದ್ದೇವೆ, ಅದೂ ತೋಡಿನಲ್ಲೇ! ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆದು ಡ್ರಮ್ ತೊಳೆಯುವುದೆಲ್ಲಿ? ಕಳೆನಾಶಕದ ಪಂಪ್ ತೊಳೆಯುವುದೆಲ್ಲಿ? ನೀರಿಗಿಳಿದ ತಾಮ್ರವೂ ಮೀನಿಗೆ ವಿಷವೇ. ಹೇಳಲು ಮುಜುಗರ: ಇಗರ್ಜಿಯ ತೋಟದ ಡ್ರಮ್ಮನ್ನೂ ಕಳೆದ ಮಳೆಗಾಲದವರೆಗೆ ಅಲ್ಲೇ ತೊಳೆದಿದ್ದೇವೆ. ಈ ಸಲ ತೋಡಿನಿಂದ ದೂರ, ಗುಂಡಿಯ ಪಕ್ಕದಲ್ಲಿ ತೊಳೆಯಿಸುತ್ತಿದ್ದೇವೆ.

ಪ್ರಾಣಿಶಾಸ್ತ್ರ ಕಲಿಸುವ ಕಾಲೇಜುಗಳಿಗೆ ಈ ಪರೀಕ್ಷೆ ಕೈಮೀರಿದ್ದಲ್ಲ. ಮದ್ದು ಬಿಡುವ ಮೊದಲೊಮ್ಮೆ, ಬಿಟ್ಟ ಮೇಲೊಮ್ಮೆ ನಮ್ಮ ತೋಡುಗಳಲ್ಲಿ ಮಾಡಿಸಿ ಎಂದು ಪಂಚಾಯತನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಗ್ರಾಮಸಭೆಗೆ ಕೊಡುವ ಅರ್ಜಿ ಇಗರ್ಜಿಯ ಕಚೇರಿಯಲ್ಲಿದೆ. ಸಹಿ ಹಾಕುವವರು ತಮ್ಮ ತೋಟದ ನೀರು ಯಾವ ತೋಡಿಗೆ ಇಳಿಯುತ್ತದೆಂದೂ ಬರೆಯಿರಿ.